ಕೂಳೆ ಕಬ್ಬೂ ಹಳೆಯ ಕಂಪ್ಯೂಟರೂ

ವಿಂಡೋಸ್ ೧೦ಕ್ಕೆ ವಾಡಿಕೆಯಾಗಿ ಬರುತ್ತಿದ್ದ ಉಚಿತ ಭದ್ರತಾ ತಿದ್ದುಪಡಿಗಳು ೨೦೨೫ನೆಯ ಅಕ್ಟೋಬರ್ ೧೪ಕ್ಕೆ ಮುಗಿದುವು. ವಿಂಡೋಸ್ ೧೧ ಹಾಕೋಣವೆಂದರೆ ಟಿ.ಪಿ.ಎಂ. ೨.೦ ಎಂಬ ಭದ್ರತಾ ಸಾಧನ ಬೇಕು, ಪಟ್ಟಿಯಲ್ಲಿರುವ ಪ್ರೊಸೆಸರೇ ಬೇಕು. ೨೦೧೫ರ ಸುಮಾರಿನ ಯಂತ್ರಗಳು ಬಹುಮಟ್ಟಿಗೆ ಈ ಪರೀಕ್ಷೆಯಲ್ಲಿ ನಪಾಸು.

ಹಾಗೆಂದು ಅವನ್ನು ಗುಜರಿಗೆ ಹಾಕುವುದು ತರವೆ? ಮಂಡ್ಯ, ಮದ್ದೂರು, ಮಳವಳ್ಳಿಯ ರೈತರು ಕಬ್ಬು ಕಡಿದೊಡನೆ ಬುಡವನ್ನು ಅಗೆದೆಸೆಯುವುದಿಲ್ಲ. ನೀರು ಗೊಬ್ಬರ ಕೊಟ್ಟು ಕೂಳೆ ಬೆಳೆಯುತ್ತಾರೆ. ಬುಡ ಹಳೆಯದು, ಬೆಳೆ ಹೊಸದು. ಹಳೆಯ ಯಂತ್ರಕ್ಕೆ ಲಿನಕ್ಸ್ ಅಂಥ ಕೂಳೆ. ಅದಕ್ಕೆ ಕಾಸು ಕೊಡಬೇಕಾಗಿಲ್ಲ. ಅದರ ಹಗುರವಾದ ಬಗೆಗಳು ೪ ಜಿ.ಬಿ. ರ್‍ಯಾಮಿನಲ್ಲೂ ನಡೆಯುತ್ತವೆ. ನೆರೆಯ ಕೇರಳದ ಸರ್ಕಾರಿ ಶಾಲೆಗಳಲ್ಲಿ ಕಂಪ್ಯೂಟರ್ ಪಾಠ ನಡೆಯುತ್ತಿರುವುದೂ ಲಿನಕ್ಸಿನಲ್ಲಿಯೇ.

ಒಂದು ತೊಡಕುಂಟು. ನುಡಿ, ಬರಹಗಳ ಹಳೆಯ ಸಂಕೇತದಲ್ಲಿ ಬರೆದ ಕಡತಗಳು ಆ ಫಾಂಟು ಇಲ್ಲದೆಡೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗುತ್ತವೆ. ಆದಕಾರಣ ಮೊದಲು ಅವನ್ನು ಯೂನಿಕೋಡಿಗೆ ತಂದು, ಬೇರೆಡೆ ಪ್ರತಿ ತೆಗೆದಿಟ್ಟು, ಆಮೇಲೆ ಕೈಹಾಕಬೇಕು. ಪ್ರತಿ ತೆಗೆಯದೆ ಅವಸರಪಟ್ಟು ಒಂದು ವರ್ಷದ ಟಿಪ್ಪಣಿಗಳನ್ನು ಕಳೆದುಕೊಂಡವನು ನಾನು.

ಹೊಸ ಯಂತ್ರ ಕೊಳ್ಳಲಾರದ ಮನೆಯ ವಿದ್ಯಾರ್ಥಿಗೆ ಈ ಕೂಳೆಯೇ ಆಧಾರ. ರಜೆಯ ಒಂದು ದಿನವನ್ನು ಇದಕ್ಕೆ ಮೀಸಲಿಟ್ಟು, ಬಲ್ಲ ಮಿತ್ರರು ಅರಿಯದವರಿಗೆ ಹೇಳಿಕೊಡಲಿ. ಅಧ್ಯಾಪಕರು ಮುಂದೆ ನಿಂತು ನಡೆಸಲಿ ಎಂಬುದು ನನ್ನ ಬಿನ್ನಹ.