ಎರಡು ಸಲ ನೆಲೆ ತಪ್ಪಿದವರು

ಧಾರವಾಡದ ಬಳಿಯ ಗರಗದಲ್ಲಿ ನೇಯ್ದ ಖಾದಿ ದೇಶದ ಧ್ವಜವಾಗಿ ಹಾರುತ್ತದೆ. ಆ ಧ್ವಜದಡಿ ಸಿಗುವ ಪಹಣಿ, ಪಡಿತರ ಚೀಟಿ, ಪಾಸ್‌ಪೋರ್ಟ್ ನಮಗೆ ಹುಟ್ಟಿನಿಂದಲೇ ಬಂದ ಸೊತ್ತು. ಇದಾವುದೂ ಇಲ್ಲದವರು ಎರಡೆರಡು ಸಲ ನೆಲೆ ತಪ್ಪಿದರೆ ಆಶ್ರಯ ಕೊಟ್ಟ ನಾಡಿನ ಹೊಣೆ ಎಷ್ಟು?

1948ರಲ್ಲಿ ಊರು ಬಿಟ್ಟ ಪ್ಯಾಲೆಸ್ತೀನಿಯರ ಮಕ್ಕಳು ಮೊಮ್ಮಕ್ಕಳು ಸಿರಿಯಾದ ಯಾರ್ಮೂಕ್‌ನಂಥ ಶಿಬಿರಗಳಲ್ಲಿ ಬದುಕು ಕಟ್ಟಿಕೊಂಡಿದ್ದರು. 2011ರ ನಂತರದ ಯುದ್ಧ ಅವರನ್ನು ಮತ್ತೆ ಎಬ್ಬಿಸಿತು. ಜೋರ್ಡಾನ್ ಸಿರಿಯನ್ನರನ್ನು ಒಳಗೆ ಬಿಟ್ಟುಕೊಳ್ಳುತ್ತಲೇ ಇವರನ್ನು ಗಡಿಯಲ್ಲಿ ತಡೆಯಿತು. ಲೆಬನಾನಿನಲ್ಲಿ ಪ್ಯಾಲೆಸ್ತೀನಿಯರಿಗೆ ಹಲವು ವೃತ್ತಿಗಳ ಬಾಗಿಲು ಮೊದಲೇ ಮುಚ್ಚಿತ್ತು. ಸಿರಿಯನ್ನರೂ ಇವರೂ ಓಡಿದ್ದು ಒಂದೇ ಬಾಂಬಿಗೆ ಹೆದರಿ. ಕೈಯಲ್ಲಿನ ಕಾಗದ ಮಾತ್ರ ಬೇರೆ.

ಹುಬ್ಬಳ್ಳಿಯಿಂದ ದೂರವಿಲ್ಲದ ಮುಂಡಗೋಡಕ್ಕೆ ಬನ್ನಿ. 1959ರಲ್ಲಿ ಟಿಬೆಟ್ ತೊರೆದ ಭಿಕ್ಷುಗಳಲ್ಲಿ ಅನೇಕರು ಬಂಗಾಳದ ಬಕ್ಸಾದಲ್ಲಿ, ಬ್ರಿಟಿಷರು ಸ್ವಾತಂತ್ರ್ಯ ಹೋರಾಟಗಾರರನ್ನು ಕೂಡಿಹಾಕಿದ್ದ ಕೋಟೆಯಲ್ಲಿ, ಸುಮಾರು ಹತ್ತು ವರ್ಷ ಕಳೆದರು. ಹಲವರು ಕ್ಷಯಕ್ಕೆ ಬಲಿಯಾದರು. ಆಮೇಲೆ ಟಿಬೆಟಿನ ಗಾಂದೆನ್, ದ್ರೆಪುಂಗ್ ಮಠಗಳು ಮುಂಡಗೋಡದಲ್ಲಿ ಮತ್ತೆ ತಲೆಯೆತ್ತಿದವು. ಇದೂ ಎರಡನೆಯ ಸ್ಥಳಾಂತರವೇ. ಆದರೆ ಇಲ್ಲಿ 1966ರಿಂದಲೇ ಸರ್ಕಾರ ಕೊಟ್ಟ ಭೂಮಿಯಿತ್ತು, ದುಡಿಮೆಗೆ ಅವಕಾಶವಿತ್ತು. ಎಷ್ಟು ಸಲ ಎದ್ದರು ಎಂಬುದಕ್ಕಿಂತ ಹೋದಲ್ಲಿ ಏನು ಸಿಕ್ಕಿತು ಎಂಬುದೇ ನಿರ್ಣಾಯಕ.

ನಮ್ಮವರಿಗೇ ಭೂಮಿಯಿಲ್ಲವಲ್ಲ ಎಂಬ ಆಕ್ಷೇಪ ಬರುತ್ತದೆ. ಮುಂಡಗೋಡವಿರುವ ಉತ್ತರ ಕನ್ನಡ ಜಿಲ್ಲೆಯಲ್ಲೇ ಕಾಳಿ ನದಿಯ ಅಣೆಕಟ್ಟಿಗೆ ಸೂಪಾ ಊರು ಮುಳುಗಿತು; ಸಂತ್ರಸ್ತರಲ್ಲಿ ಅನೇಕರು ಅದೇ ಜಿಲ್ಲೆಯ ರಾಮನಗರ ಸೇರಿದರು. ಅವರ ಅಳಲು ನ್ಯಾಯವಾದುದು. ಆದರೆ ಟಿಬೆಟಿಯನ್ನರ ಹೊಲ ಕಿತ್ತುಕೊಂಡರೆ ಅದು ತೀರುವುದಿಲ್ಲ. ನೆಲೆ ತಪ್ಪಿದವರೆಲ್ಲರಿಗೂ ಅಳತೆಗೋಲು ಒಂದೇ: ಭೂಮಿ, ಕೆಲಸ, ಕೊಟ್ಟ ಮಾತು.

ನಿರಾಶ್ರಿತರಿಗೆ ಹಕ್ಕು ಕೊಟ್ಟರೆ ತಾಯ್ನಾಡಿನ ಹಂಬಲ ಬತ್ತುತ್ತದೆ ಎಂಬುದು ಅರಬ್ ಸರ್ಕಾರಗಳ ಹಳೆಯ ವಾದ. ಹೊಟ್ಟೆ ತುಂಬಿದ್ದರೂ ತಮ್ಮ ಭಾಷೆ, ವಿದ್ಯೆ, ಊರಿನ ಹೆಸರು ಬಿಡದ ಮುಂಡಗೋಡದ ಮಠಗಳು ಅದನ್ನು ಸುಳ್ಳು ಮಾಡಿವೆ.

ಹಾಗೆಂದು ನಾವು ಬೀಗುವಂತಿಲ್ಲ. 1951ರ ನಿರಾಶ್ರಿತರ ಒಡಂಬಡಿಕೆಗೆ ಭಾರತ ಸಹಿ ಹಾಕಿಲ್ಲ. ನಮ್ಮದೇ ಆದ ನಿರಾಶ್ರಿತರ ಕಾನೂನೂ ಇಲ್ಲ. ಇಲ್ಲೇ ಹುಟ್ಟಿದ ಅನೇಕ ಟಿಬೆಟಿಯನ್ನರು ಇಂದಿಗೂ ವಿದೇಶಿಯರ ನೋಂದಣಿ ಪತ್ರ ನವೀಕರಿಸುತ್ತಲೇ ಇರಬೇಕು. ಯಾರಿಗೆ ಎಷ್ಟು ಆಸರೆ ಎಂಬುದು ಆಯಾ ಕಾಲದ ಸರ್ಕಾರದ ಮರ್ಜಿ. ಮರ್ಜಿ ತಪ್ಪಿದ ದಿನ ನಿರಾಶ್ರಿತ ಮತ್ತೆ ಗಂಟು ಕಟ್ಟಬೇಕಾಗುತ್ತದೆ. ಪಡಿತರ, ಕಂಬಳಿ ಹಂಚುವುದು ತುರ್ತಿನ ಕೆಲಸ. ಮೂರನೆಯ ಸ್ಥಳಾಂತರವನ್ನು ತಡೆಯುವುದು ಕಾನೂನಿನ ಕೆಲಸ. ಆ ಕಾನೂನನ್ನು ಸಂಸತ್ತು ಇನ್ನಾದರೂ ಮಾಡಬೇಕು.