ಬ್ಯಾಗ್ ಮಾರಿದ ದುಡ್ಡೂ ಲೆಕ್ಕಕ್ಕೆ ಬರಲಿ

ಕೈಯಲ್ಲಿ ಮಾಡಿ ಆನ್‌ಲೈನ್‌ನಲ್ಲಿ ಮಾರೋ ನಾಲ್ಕು ಬ್ಯಾಗಿಗೂ ಟ್ಯಾಕ್ಸಾ ಅಂತ ಕೇಳೋರು ಬಹಳ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟ ಮೇಲಂತೂ ಭಯ ಹೆಚ್ಚಿದೆ. ಅದು ಜಿಎಸ್‌ಟಿ ವಿಷಯ. ಸರಕಿನ ವಹಿವಾಟು ವರ್ಷಕ್ಕೆ 40 ಲಕ್ಷ ದಾಟಿದ್ದರ ಪ್ರಶ್ನೆ. ಆದಾಯ ತೆರಿಗೆಯ ಲೆಕ್ಕವೇ ಬೇರೆ.

ಸಿರಿಗೆರೆಯ ಹುಡುಗಿಯೊಬ್ಬಳು ದಾವಣಗೆರೆಯಲ್ಲಿ ಕೆಲಸ ಮಾಡ್ತಾ, ಚಳ್ಳಕೆರೆ ಕಂಬಳಿಯಿಂದ ಬ್ಯಾಗ್ ಹೊಲಿದು ಮಾರ್ತಾಳೆ ಅಂದ್ಕೊಳ್ಳಿ. ಸಂಬಳ 6 ಲಕ್ಷ. ಮಾರಾಟ 3 ಲಕ್ಷ, ಎಲ್ಲಾ ಯುಪಿಐನಲ್ಲೇ. ಮಾರಿದ್ದೆಲ್ಲ ಆದಾಯ ಅಲ್ಲ. ಸೆಕ್ಷನ್ 44ಎಡಿ ಪ್ರಕಾರ ಬ್ಯಾಂಕ್ ಮೂಲಕ ಬಂದ ಮಾರಾಟದ ಕನಿಷ್ಠ ಶೇ 6ರಷ್ಟನ್ನು, ಅಂದರೆ 18,000 ರೂಪಾಯಿಯನ್ನು, ಲಾಭ ಅಂತ ತೋರಿಸಬಹುದು. ನಗದಿಗೆ ಶೇ 8. ನಿಜವಾದ ಲಾಭ ಇದಕ್ಕಿಂತ ಜಾಸ್ತಿ ಇದ್ದರೆ ಅದನ್ನೇ ತೋರಿಸಿ.

2025-26ನೇ ಸಾಲಿಗೆ ಹೊಸ ಪದ್ಧತಿಯಲ್ಲಿ ಇಂಥ ಆದಾಯ 12 ಲಕ್ಷದೊಳಗಿದ್ದರೆ ತೆರಿಗೆ ಸೊನ್ನೆ. ಹಾಗಂತ ರಿಟರ್ನ್ ಬಿಡೋ ಹಾಗಿಲ್ಲ. ವ್ಯಾಪಾರದ ಆದಾಯ ಇದ್ದರೆ ಐಟಿಆರ್-1 ನಡೆಯಲ್ಲ; 44ಎಡಿ ಲೆಕ್ಕಕ್ಕೆ ಐಟಿಆರ್-4, ಅಂದರೆ ‘ಸುಗಮ್’ ತುಂಬಬೇಕು.

ಮಾರಾಟದ ದುಡ್ಡಿಗೆ ಬೇರೆ ಖಾತೆ ಇಡಿ. ಕಂಬಳಿ, ಕೊರಿಯರ್ ಬಿಲ್ ಎತ್ತಿಡಿ. ನಾಳೆ ದೊಡ್ಡ ಹೊಲಿಗೆ ಮಷಿನ್‌ಗೆ ಸಾಲ ಕೇಳಿದರೆ ಬ್ಯಾಂಕಿನವರು ಐಟಿಆರ್ ತೋರಿಸಿ ಅಂತಾರೆ. ಅದರಲ್ಲಿ ನಿಮ್ಮ ಸಂಬಳದ ಜೊತೆ ಈ ಕಸುಬೂ ಕಾಣಬೇಕಲ್ವಾ?