ಕಣ್ಣು ಬರಿಯ ಕ್ಯಾಮೆರಾ ಅಲ್ಲ

ನಮ್ಮ ಭೌತಶಾಸ್ತ್ರದ ಪಠ್ಯಗಳಲ್ಲಿ ಕಣ್ಣಿನ ಪಾಠವು ಅಕ್ಷಿಪಟಲದ ಮೇಲೆ ತಲೆಕೆಳಗಾದ ಬಿಂಬ ಮೂಡುವಲ್ಲಿಗೆ ಮುಗಿದುಹೋಗುತ್ತದೆ. ಸ್ವಾರಸ್ಯವಿರುವುದು ಅಲ್ಲಿಂದ ಮುಂದೆ. ಅಕ್ಷಿಪಟಲದಲ್ಲಿ ಬೆಳಕನ್ನು ಗ್ರಹಿಸುವ ಕೋಶಗಳು ಸುಮಾರು 10 ಕೋಟಿ. ಮಿದುಳಿಗೆ ಹೋಗುವ ನರತಂತುಗಳಾದರೋ 10 ಲಕ್ಷದಷ್ಟು ಮಾತ್ರ. ಇಷ್ಟು ಇಕ್ಕಟ್ಟಾದ ದಾರಿಯಲ್ಲಿ ಬಿಂಬವನ್ನು ಇದ್ದಂತೆಯೇ ಸಾಗಿಸುವುದು ಅಶಕ್ಯ. ಆದುದರಿಂದ ಅಲ್ಲಿನ ನರಜಾಲವು ಒಂದು ಕೋಶದ ಸಂಕೇತದಿಂದ ನೆರೆಕೋಶಗಳ ಸಂಕೇತವನ್ನು ಕಳೆದು, ಅಂಚು, ಚಲನೆ ಮುಂತಾದ ವ್ಯತ್ಯಾಸಗಳನ್ನೇ ಮುಖ್ಯವಾಗಿ ಕಳುಹಿಸುತ್ತದೆ. ಬರಿಯ ಬಿಳಿಗೋಡೆಯನ್ನು ಕುರಿತು ಅದಕ್ಕೆ ಹೇಳಲು ಹೆಚ್ಚೇನೂ ಇಲ್ಲ!

ಮೂಗೂ ಲೆಕ್ಕ ಬಲ್ಲುದು. ಯಲಹಂಕದಿಂದ ಹೆಬ್ಬಾಳಕ್ಕೆ ಹೋಗುವ ದಾರಿಯಲ್ಲಿ, ಜಿ.ಕೆ.ವಿ.ಕೆ. ಆವರಣದಲ್ಲಿ, ಒಬೈದ್ ಸಿದ್ದಿಕಿಯವರು ಸ್ಥಾಪಿಸಿದ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವಿದೆ. ಸಿದ್ದಿಕಿಯವರು ಹಣ್ಣಿನ ನೊಣದ ಘ್ರಾಣಶಕ್ತಿಯನ್ನು ಅಭ್ಯಸಿಸಿದವರು. (ನೊಣಕ್ಕೆ ಮೀಸೆಯೇ ಮೂಗು.) ಅಲ್ಲಿಯೇ ರಾಘವ್ ರಾಜನ್, ಜೇಮ್ಸ್ ಕ್ಲೆಮೆಂಟ್, ಉಪಿಂದರ್ ಭಲ್ಲಾ ಇವರು, ಇಲಿಯು ಒಂದೆರಡು ಉಸಿರಿನಲ್ಲಿಯೇ ವಾಸನೆ ಎಡದಿಂದ ಬಂದಿತೇ ಬಲದಿಂದ ಬಂದಿತೇ ಎಂದು ತಿಳಿಯಬಲ್ಲುದೆಂಬುದನ್ನು 2006ರಲ್ಲಿ ತೋರಿಸಿದರು. ಹೊಳ್ಳೆಗಳ ನಡುವಣ ಅಂತರ ಕೆಲವೇ ಮಿಲಿಮೀಟರು. ಆದರೂ ಅವುಗಳನ್ನು ತಲುಪುವ ವಾಸನೆಯ ಕಾಲ, ತೀವ್ರತೆಗಳ ಭೇದವನ್ನು ಇಲಿಯ ಮಿದುಳು ಹೋಲಿಸಿ ನೋಡುತ್ತದೆ.

ಕಳೆಯುವುದು, ಹೋಲಿಸುವುದು, ಕಾಲವನ್ನು ಅಳೆಯುವುದು ಭೌತಶಾಸ್ತ್ರವಲ್ಲದೆ ಮತ್ತೇನು? ಇದು ಜೀವಶಾಸ್ತ್ರದವರ ಸೊತ್ತೆಂದು ಅಧ್ಯಾಪಕರಾದ ನಾವು ಸುಮ್ಮನಿರುವುದು ಸಲ್ಲದು. ಪದವಿ ತರಗತಿಯ ದೃಗ್ವಿಜ್ಞಾನಕ್ಕೆ ಇದರದೊಂದು ಅಧ್ಯಾಯವನ್ನು ಸೇರಿಸಲೇಬೇಕು. ಪ್ರಯೋಗಕ್ಕೆ ಖರ್ಚಿಲ್ಲ. ಒಂದೇ ಬೂದು ಕಾಗದದ ಎರಡು ತುಂಡುಗಳಲ್ಲಿ ಒಂದನ್ನು ಕಪ್ಪು ಹಾಳೆಯ ಮೇಲೂ ಇನ್ನೊಂದನ್ನು ಬಿಳಿಹಾಳೆಯ ಮೇಲೂ ಇಡಿಸಿ, ಯಾವುದು ಹೆಚ್ಚು ಬೆಳ್ಳಗಿದೆಯೆಂದು ವಿದ್ಯಾರ್ಥಿಗಳನ್ನು ಕೇಳಿ. ಬಳಿಕ ಬೆಳಕುಮಾಪಕವನ್ನು ಅವರ ಕೈಗೆ ಕೊಡಿ.